ಮರ್ವ್ ಕೊಟ್ಟ ಹವಳದ ತುಂಡು

ಮಾರ್ಚ್ 4, ಬುಧವಾರ
ಹವಳದ ಟ್ಯಾಂಕಿನ ನೀರು ಬದಲಿಸಿದೆ. ಉಪ್ಪು ಸರಿಯಿದೆ. ಡೆಸ್‌ನ ನೀಲಿ ಕೊಂಬು ಹವಳ ಮಾತ್ರ ಬುಡದಲ್ಲಿ ಬಿಳಿಚಿಕೊಂಡಿದೆ. ಹೆಬ್ಬೆರಳಿನಷ್ಟಿದ್ದದ್ದನ್ನು ಮೊಣಕೈಯುದ್ದ ಬೆಳೆಸಿದ್ದಾನೆ ನನ್ನ ಗಂಡ. ಟೌನ್ಸ್‌ವಿಲ್ ಆಸ್ಪತ್ರೆಯಿಂದ ಫೋನ್ ಮಾಡಿದ್ದ. ಸೊಂಟದ ಆಪರೇಷನ್ ಆಗಿದೆ, ನೋವಿನ ಮಾತಿಲ್ಲ — ಹವಳ ಹೇಗಿದೆ ಅಂದ. ಚೆನ್ನಾಗಿದೆ ಅಂದೆ.

ಮಾರ್ಚ್ 6
ಬಿಳಿ ಟಬ್ಬಿನಲ್ಲಿ ಔಷಧಿ ನೀರು ಮಾಡಿ ಹವಳ ಅದ್ದಿದೆ. ಪಿಚಕಾರಿಯಿಂದ ನೀರು ಹೊಡೆದರೆ ಉದುರಿದವು… ಹವಳ ತಿನ್ನುವ ಚಪ್ಪಟೆ ಹುಳ. ಹವಳದ್ದೇ ಬಣ್ಣ, ಅಂಟಿಕೊಂಡಿದ್ದರೆ ದೇವರಾಣೆ ಕಾಣುವುದಿಲ್ಲ. ಬುಡದಲ್ಲಿ ಕಂದು ಮೊಟ್ಟೆ. ಅದಕ್ಕೆ ಔಷಧಿ ತಾಗುವುದಿಲ್ಲ, ಕೆರೆದೇ ತೆಗೆಯಬೇಕು.

ಟ್ಯಾಂಕಿಗೆ ಹೊಸದಾಗಿ ಬಂದಿದ್ದು ಒಂದೇ — ಹವಳ ಸಾಕುವವರ ಕ್ಲಬ್ಬಿನ ಮರ್ವ್ ಹೋದ ತಿಂಗಳು ಕೊಟ್ಟ ತುಂಡು. ಅಂಗಡಿಯದಾಗಿದ್ದರೆ ಔಷಧಿಯಲ್ಲಿ ಅದ್ದದೆ ಟ್ಯಾಂಕಿನಲ್ಲಿ ಇಡುತ್ತಿರಲಿಲ್ಲ. ಗೆಳೆಯರು ಕೊಟ್ಟಿದ್ದನ್ನು ನಮ್ಮಲ್ಲಿ ಯಾರೂ ಅದ್ದುವುದಿಲ್ಲ. ಅದ್ದಿದರೆ ನಿನ್ನ ಮನೆ ಗಲೀಜು ಅಂದ ಹಾಗೆ. ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ನೋಡುತ್ತೇನೆ ಗ್ಲೆನಿಸ್ ಅಂದ, ಇಟ್ಟುಬಿಟ್ಟ.

ಮಾರ್ಚ್ 14
ಕ್ಲಬ್ಬಿನ ಬಾರ್ಬೆಕ್ಯೂ. ಮರ್ವ್ ಬರಲಿಲ್ಲ. ಮುಖ ಎಲ್ಲಿದೆ ಬರೋದಕ್ಕೆ? ಸಾಸೇಜ್ ಸುಡುತ್ತಾ ಎಲ್ಲರಿಗೂ ಹೇಳಿದೆ. ಇನ್ನು ಅವನ ಕೈಯಿಂದ ಯಾರೂ ತುಂಡು ತೆಗೆದುಕೊಳ್ಳುವುದಿಲ್ಲವಂತೆ. ಆಗಲಿ.

ಮನೆಗೆ ಬಂದು ಇನ್ನೊಮ್ಮೆ ಅದ್ದಿದೆ. ಅರ್ಧ ಹವಳ ಸುಣ್ಣದ ಹಾಗಿದೆ.

ಮಾರ್ಚ್ 21
ಹವಳ ಸತ್ತಿತು. ತುದಿವರೆಗೂ ಬಿಳಿ. ಅತ್ತುಬಿಟ್ಟೆ.

ಆಸ್ಪತ್ರೆಗೆ ಹೋಗಿ ಡೆಸ್‌ಗೆ ಎಲ್ಲ ಹೇಳಿದೆ, ಮರ್ವ್‌ನನ್ನು ಬೈದದ್ದೂ ಸೇರಿಸಿ. ಎಲ್ಲ ಕೇಳಿ ಅವನು ಹೇಳಿದ್ದು ಇದು:

"ಮರ್ವ್ ತುಂಡು ಬರೋಕೆ ಮುಂಚೇನೇ ಬುಡ ಬೆಳ್ಳಗಾಗಿತ್ತು ಕಣೆ. ಲೈಟ್ ಜಾಸ್ತಿ ಆಯ್ತೇನೋ ಅಂದ್ಕೊಂಡಿದ್ದೆ."

ಕ್ರಿಸ್‌ಮಸ್‌ಗೆ ಅದೇ ಹವಳದ ಒಂದು ಕೊಂಬು ಮುರಿದು ಮರ್ವ್‌ಗೆ ಕೊಟ್ಟಿದ್ದನಂತೆ. ಡೆಸ್ ಕೊಟ್ಟಿದ್ದನ್ನು ಮರ್ವ್ ಅದ್ದಿರುತ್ತಾನೆಯೇ? ಹುಳ ಇಲ್ಲಿಂದಲೇ ಅಲ್ಲಿಗೆ ಹೋಗಿದೆ. ಥೂ, ನನ್ನ ಬಾಯಿಗಿಷ್ಟು…

ಮಾರ್ಚ್ 22
ಮರ್ವ್ ಮನೆಗೆ ಹೋದೆ. ಅವನ ಟ್ಯಾಂಕಿನಲ್ಲಿ ಬರೀ ಕಲ್ಲು, ಮೀನು. ಕೊಂಬು ಹವಳವನ್ನೆಲ್ಲ ಕಿತ್ತು ಎಸೆದಿದ್ದಾನೆ. ಹೇಳಲು ಬಾಯಿ ತೆರೆದರೆ ಅವನಿಗೆ ಆಗಲೇ ಗೊತ್ತು. ನಾನು ಬೈದ ದಿನವೇ ನೋಡಿದನಂತೆ — ಡೆಸ್ ಕೊಟ್ಟ ಕೊಂಬಿನಲ್ಲೇ ಹುಳ ಕಿಕ್ಕಿರಿದಿತ್ತಂತೆ.

"ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಡೆಸ್ ಮೊದ್ಲು ಎದ್ದು ನಡೀಲಿ ಅಂತ."

ಕ್ಷಮಿಸು ಅಂದೆ. ಟೀ ಕುಡೀತೀಯಾ ಅಂದ. ಅಡುಗೆಮನೆಯಲ್ಲಿ ಒಂದು ಪುಟ್ಟ ತೊಟ್ಟಿ. ಅದರಲ್ಲಿ ಬೆರಳುದ್ದದ ನೀಲಿ ತುಂಡು — ಡೆಸ್‌ನ ಕೊಂಬಿನಲ್ಲಿ ಉಳಿದದ್ದು. ವಾರ ವಾರ ಅದ್ದುತ್ತಿದ್ದಾನೆ. ಬದುಕಿದರೆ ಡೆಸ್‌ಗೇ ವಾಪಸ್ಸಂತೆ.

ಏಪ್ರಿಲ್ 11
ಡೆಸ್ ಮನೆಗೆ ಬಂದಿದ್ದಾನೆ. ಈ ಸಲ ಬಾರ್ಬೆಕ್ಯೂ ನಮ್ಮ ಹಿತ್ತಲಲ್ಲೇ ಇಟ್ಟೆ. ಹುಳ ನಮ್ಮನೆಯದು, ಮರ್ವ್‌ನದಲ್ಲ ಅಂತ ಎಲ್ಲರೆದುರು ಹೇಳಿದೆ. ಮರ್ವ್ ತಲೆ ತಗ್ಗಿಸಿಕೊಂಡು ಸಾಸೇಜ್ ತಿನ್ನುತ್ತಿದ್ದ.

ಉಳಿದವರೆಲ್ಲ ಹೋದ ಮೇಲೆ ಮರ್ವ್ ಚೀಲದಿಂದ ಆ ನೀಲಿ ತುಂಡು ತೆಗೆದ. ಅವನೆದುರು ಅದನ್ನು ಅದ್ದಲು ನನಗೆ ಕೈ ಬರಲಿಲ್ಲ. ಅವನೇ ಬಿಳಿ ಟಬ್ಬು ತಂದು ಮುಂದಿಟ್ಟ.

"ಅದ್ದು. ನನ್ನೆದುರಿಗೇ ಅದ್ದು."

ಹತ್ತು ನಿಮಿಷ ನೆನೆಯಬೇಕು. ಅಷ್ಟರಲ್ಲಿ ಇಷ್ಟು ಬರೆದೆ. ಇಬ್ಬರೂ ಟಬ್ಬಿನ ಮೇಲೆ ಬಗ್ಗಿ ಕೂತಿದ್ದಾರೆ. ಡೆಸ್ ಪಿಚಕಾರಿ ಹೊಡೆದ. ಏನೋ ಉದುರಿತಂತೆ. ಹುಳ ಅಲ್ಲ, ಮರಳಿರಬೇಕು ಅನ್ನುತ್ತಾನೆ ಮರ್ವ್. ಡೆಸ್ ಕನ್ನಡಕ ಕೇಳುತ್ತಿದ್ದಾನೆ —