ಹಲಗೆಯ ಮೇಲಿದ್ದ ಕೋಳಿ

ಕಿಮಿಲಿಲಿ
ಜೂನ್ ೨೫, ೨೦೧೭, ಭಾನುವಾರ

ನಾಲಿಯಾಕಳ ಅಪ್ಪನಿಗೆ,

‘ಪಾಠ ಎಲ್ಲಾ ಕಡೆ ಒಂದೇ ಆದ್ರೆ ಯಾವ ಮಗೂನೂ ಹಿಂದೆ ಬೀಳಲ್ಲ’ ಅಂದಿರೋ, ‘ಯಾವ ಟೀಚರೂ ಹಿಂದೆ ಬೀಳಲ್ಲ’ ಅಂದಿರೋ, ಸರಿಯಾಗಿ ನೆನಪಾಗುತ್ತಿಲ್ಲ. ಫೋನಿನಲ್ಲಿ ನಿಮ್ಮ ಹಿಂದೆ ಯಾರೋ ನಗುತ್ತಿದ್ದರು. ನಾನು ಫಾನಿಸಳ ಹೆಸರು ಹೇಳುವಷ್ಟರಲ್ಲಿ ನೀವು ‘ಲೈನ್ ಸರಿಯಿಲ್ಲ, ಆಮೇಲೆ ಮಾತಾಡೋಣ’ ಅಂದಿರಿ. ನಿಮ್ಮ ಆಮೇಲೆ ಎಷ್ಟು ಉದ್ದ ಎಂಬುದು ನನಗೆ ಗೊತ್ತಿರುವುದರಿಂದ ಈ ಪತ್ರ. ಪತ್ರಕ್ಕೆ ಲೈನ್ ಬೇಕಾಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮಿಬ್ಬರ ವಿಷಯವಲ್ಲ. ನೀವು ಯಾಕೆ ಬರುತ್ತಿಲ್ಲ, ಯಾವಾಗ ಬರುತ್ತೀರಿ ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ನನ್ನ ಎರಡನೇ ತರಗತಿಯಲ್ಲಿದ್ದ ಫಾನಿಸ್ ಎಂಬ ಹುಡುಗಿಯನ್ನು ನಿಮ್ಮ ಸಂಸ್ಥೆ ಶಿಶು ತರಗತಿಗೆ ಇಳಿಸಿದೆ. ಅವಳನ್ನು ಮತ್ತೆ ಮೇಲಕ್ಕೆ ಕೂರಿಸಬೇಕು. ಅದು ಸಾಧ್ಯವಾಗುವುದಾದರೆ ನಿಮ್ಮೊಬ್ಬರಿಂದ. ಯಾಕೆಂದರೆ ಅವಳನ್ನು ಇಳಿಸಿದ ಪಾಠ ಬರೆದವರು ನೀವು.

ಪಾಠದ ಮೇಲೆ ಬರೆದವರ ಹೆಸರು ಇರುವುದಿಲ್ಲ, ಅದು ನನಗೂ ಗೊತ್ತು. ಆದರೂ ನನ್ನಿಂದ ನಿಮ್ಮ ವಾಕ್ಯ ಬಚ್ಚಿಟ್ಟುಕೊಳ್ಳಲಾರದು. ನಾವಿಬ್ಬರೂ ಮೊದಲು ಕಲಿಸುತ್ತಿದ್ದ ಸರ್ಕಾರಿ ಶಾಲೆಯಲ್ಲಿ ನಮ್ಮ ತರಗತಿಗಳ ನಡುವೆ ಇದ್ದದ್ದು ಅರ್ಧ ಗೋಡೆ. ಆ ಕಡೆಯಿಂದ ‘ಭಲೇ! ಈಗ ಬೆರಳು ಮೇಲೆ, ಕಣ್ಣು ಮುಂದೆ’ ಎಂದು ನೀವು ಕೂಗಿದರೆ ಈ ಕಡೆ ನನ್ನ ಮಕ್ಕಳೂ ಬೆರಳೆತ್ತುತ್ತಿದ್ದರು. ಈಗ ಅದೇ ಮಾತು ನಿಮ್ಮ ಸಂಸ್ಥೆ ತನ್ನ ಶಾಲೆಗಳಿಗೆ ಕೊಟ್ಟ ಟ್ಯಾಬ್‌ನಲ್ಲಿ ಅಚ್ಚಾಗಿ ಬರುತ್ತದೆ. ನೀವು ಮನೆಗೆ ಬರದೆ ನಾಲ್ಕು ವರ್ಷವಾಯಿತು, ಆದರೆ ಬೆಳಗಾದರೆ ನಿಮ್ಮ ಮಾತು ನನ್ನ ಬಾಯಲ್ಲಿ. ಗಂಡನ ಮಾತನ್ನು ಒಂದಕ್ಷರ ಬಿಡದೆ ಪಾಲಿಸುವ ಹೆಂಡತಿ ಈ ಊರಲ್ಲಿ ನನ್ನ ಹಾಗೆ ಇನ್ನೊಬ್ಬಳಿಲ್ಲ.

ನೀವು ತರಗತಿಯಲ್ಲಿ ನಿಂತು ಟ್ಯಾಬ್ ಹಿಡಿದವರಲ್ಲ, ಆದ್ದರಿಂದ ಹೇಳಬೇಕು. ಎಡಗೈಯಲ್ಲಿ ಟ್ಯಾಬ್, ಬಲಗೈಯಲ್ಲಿ ಸೀಮೆಸುಣ್ಣ. ಕಪ್ಪು ಚೌಕದಲ್ಲಿ ಇದ್ದದ್ದನ್ನು ಹಲಗೆಯ ಮೇಲೆ ಬರೆಯಬೇಕು. ಬಿಳಿ ಚೌಕದಲ್ಲಿ ಇದ್ದದ್ದನ್ನು ಬಾಯಲ್ಲಿ ಹೇಳಬೇಕು. ಮಕ್ಕಳು ಏನು ಉತ್ತರಿಸಬೇಕು ಎಂಬುದೂ ಅಲ್ಲೇ ಇರುತ್ತದೆ. ಪುಟ ಹೊತ್ತಿಗೆ ಸರಿಯಾಗಿ ತಿರುಗಬೇಕು, ತಿರುಗದಿದ್ದರೆ ನೈರೋಬಿಯ ನಿಮ್ಮ ಕಚೇರಿಗೆ ತಿಳಿಯುತ್ತದೆ. ಮಗು ಪ್ರಶ್ನೆ ಕೇಳಿದರೆ ಯಾವ ಚೌಕ ಎಂಬುದನ್ನು ಮಾತ್ರ ನೀವು ಯಾರೂ ಬರೆದಿಲ್ಲ.

ನಾನು ಮೊದಮೊದಲು ಇದನ್ನು ದ್ವೇಷಿಸಲಿಲ್ಲ. ಸರ್ಕಾರಿ ಶಾಲೆಯಲ್ಲಿ ಮಾಸ್ತರರು ಬಾರದೆ ಇಡೀ ತರಗತಿ ಮಾವಿನ ಮರದ ಕೆಳಗೆ ಮಲಗಿದ್ದ ದಿನಗಳು ನನಗೂ ನೆನಪಿವೆ. ‘ಕೆಟ್ಟ ಟೀಚರ್ ಸಿಕ್ಕಿದ ಮಗು ಏನು ಪಾಪ ಮಾಡಿತ್ತು’ ಎಂದು ನೀವು ಊಟದ ಮುಂದೆ ಕೂತು ಕೇಳಿದಾಗ ನಾನೂ ಹೌದೆಂದಿದ್ದೆ. ಈಗಲೂ ಆ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ಕೆಟ್ಟವರಿಗೆಂದು ಹೊಲಿದ ಅಂಗಿಯನ್ನು ಎಲ್ಲರಿಗೂ ತೊಡಿಸಿ ಗುಂಡಿ ಹಾಕಿದರೆ ಉಸಿರಾಡುವುದು ಹೇಗೆ?

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಆಲಿಕಲ್ಲು ಮಳೆ ಬಂತು. ನಮ್ಮದು ತಗಡಿನ ಮಾಡು. ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ನಾನು ಬಿಳಿ ಚೌಕವನ್ನು ಕಿರುಚಿ ಓದಿದೆ, ಮಕ್ಕಳು ಬಾಯಿ ತೆರೆದು ಮುಚ್ಚಿದರು. ನನಗೆ ಅವರು ಕೇಳಲಿಲ್ಲ, ಅವರಿಗೆ ನಾನು ಕೇಳಲಿಲ್ಲ, ಪುಟ ಮಾತ್ರ ಮುಂದೆ ಹೋಗುತ್ತಿತ್ತು. ಆಗ ಟ್ಯಾಬ್ ಮುಚ್ಚಿ ಮೇಜಿನ ಮೇಲಿಟ್ಟೆ. ಮಳೆ ಬಂದಾಗ ಸರ್ಕಾರಿ ಶಾಲೆಯ ಟೀಚರುಗಳು ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆ. ಬಾಯಿ ಮುಚ್ಚಿ, ಹಲಗೆಯ ಮೇಲೆ ಒಂದೊಂದೇ ಪದ ಬರೆದು, ಒಂದೊಂದೇ ಮಗುವನ್ನು ಕರೆದು ತೋರಿಸಲು ಹೇಳುವುದು. ‘ಬಾಗಿಲು’ ಎಂದು ಬರೆದರೆ ಮಗು ಹೋಗಿ ಬಾಗಿಲು ಮುಟ್ಟಬೇಕು. ‘ಮೂಗು’ ಎಂದರೆ ಮೂಗು. ಅರ್ಧ ಗೋಡೆಯ ಆ ಕಡೆಯಿಂದ ಇದನ್ನು ನನಗೆ ಹೇಳಿಕೊಟ್ಟವರು ಯಾರೆಂದು ನಾನು ಹೇಳಬೇಕಾಗಿಲ್ಲ.

ಫಾನಿಸ್ ಎದ್ದು ಬಂದಳು. ತರಗತಿಯಲ್ಲೆಲ್ಲ ದೊಡ್ಡ ದನಿ ಅವಳದು, ಗುಂಪಿನ ಉತ್ತರ ಶುರುವಾಗುವುದೇ ಅವಳಿಂದ ಎಂದು ನಾನು ತಿಳಿದಿದ್ದೆ. ‘ಬಾಗಿಲು’ ಎಂಬ ಪದವನ್ನು ನೋಡಿದಳು. ಆಮೇಲೆ ನನ್ನ ತುಟಿ ನೋಡಿದಳು. ಆಮೇಲೆ ಹಿಂದೆ ತಿರುಗಿ ಗೆಳತಿಯರ ತುಟಿ ನೋಡಿದಳು. ಯಾರ ತುಟಿಯೂ ಅಲುಗಲಿಲ್ಲ. ಅವಳು ಸುಮ್ಮನೆ ನಿಂತು ಅಳತೊಡಗಿದಳು. ಆಮೇಲೆ ಕರೆದವರಲ್ಲಿ ಅರ್ಧಕ್ಕರ್ಧ ಮಕ್ಕಳು ಹಾಗೆಯೇ. ನಿಮ್ಮ ವರದಿಗಳಲ್ಲಿ ನನ್ನ ತರಗತಿ ಓದುವುದರಲ್ಲಿ ಮುಂದಿದೆ. ಅವರು ಓದುತ್ತಿರಲಿಲ್ಲ. ಒಬ್ಬರ ಬಾಯಿಗೆ ಇನ್ನೊಬ್ಬರು ಜೋತುಬಿದ್ದಿದ್ದರು.

ಮಕೋಖಾ ಕೊಡೆ ಹಿಡಿದು ಬಾಗಿಲಿಗೆ ಬಂದರು. ಅವರು ಇಲ್ಲಿನ ಮ್ಯಾನೇಜರ್, ಕೆಟ್ಟವರಲ್ಲ, ಹೆದರಿದವರು. ನನ್ನ ಕಿವಿಯ ಹತ್ತಿರ ಬಂದು ಕೂಗಿದರು:

‘ಮೇಡಂ, ನೈರೋಬಿಯಿಂದ ಫೋನು. ನಿಮ್ಮ ಪುಟ ನಿಂತೇ ಹೋಗಿದ್ಯಂತೆ. ಟ್ಯಾಬ್ ಕೆಟ್ಟಿದ್ಯಾ, ಟೀಚರ್ ಕೆಟ್ಟಿದಾರಾ ಅಂತ ಕೇಳ್ತಿದಾರೆ.’

‘ಮಳೆ ಬರ್ತಿದೆ ಅಂತ ಹೇಳಿ.’

‘ಹೇಳ್ದೆ. ಅಲ್ಲಿ ಬಿಸಿಲಂತೆ ಮೇಡಂ.’

ಅವರು ನಗಿಸಲೆಂದು ಹೇಳಲಿಲ್ಲ. ನಾನೂ ನಗಲಿಲ್ಲ.

ಮರುದಿನದಿಂದ ಬೆಳಗಿನ ಮೊದಲ ಪಾಠದ ಹೊತ್ತಿನಲ್ಲಿ ನಾನು ಹೆಬ್ಬೆರಳಿನಿಂದ ಪುಟ ತಿರುಗಿಸುತ್ತ, ಬಾಯಲ್ಲಿ ಬೇರೆಯದೇ ಕಲಿಸತೊಡಗಿದೆ. ಅಕ್ಷರ, ಆಮೇಲೆ ಪದ. ಅರ್ಥವಾಗದಿದ್ದರೆ ನಮ್ಮ ಬುಕುಸು ಮಾತಿನಲ್ಲೇ ಹೇಳಿದೆ, ಅದೂ ನಿಷೇಧ. ನೈರೋಬಿಗೆ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಮೋಸ ಎಂದು ನೀವು ಅನ್ನಬಹುದು, ಅನ್ನಿ. ಫಾನಿಸ್ ಹಸಿದವಳಂತೆ ಕಲಿತಳು. ಹಿಟ್ಟಿನ ಚೀಲದ ಮೇಲಿನದನ್ನು, ಬಸ್ಸಿನ ಹಣೆಯ ಮೇಲಿನದನ್ನು, ಚರ್ಚಿನ ಗೋಡೆಯ ಮೇಲಿನದನ್ನು ಓದಿ ಬಂದು ನನಗೆ ಒಪ್ಪಿಸುತ್ತಿದ್ದಳು. ‘ಟೀಚರ್, ಅಷ್ಟೂ ದಿನ ಅದು ಅಲ್ಲೇ ಇತ್ತಾ?’ ಎಂದು ಒಮ್ಮೆ ಕೇಳಿದಳು.

ಈ ತಿಂಗಳ ಎರಡನೇ ವಾರ ನಿಮ್ಮ ಕಚೇರಿಯಿಂದ ಮುಥೋನಿ ಎಂಬ ಹುಡುಗಿ ತಪಾಸಣೆಗೆ ಬಂದಳು. ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಮಂಡಿ ಎತ್ತಿಕೊಂಡು ಕೂತಳು. ಅವಳ ಎದುರು ನಾನು ಜಾಣೆಯಂತೆ ನಿಮ್ಮ ಪಾಠವನ್ನೇ ಮಾಡಿದೆ. ಕಪ್ಪು ಚೌಕ ನೋಡಿ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದೆ: ಕೋಳಿ ಮನೆಯ ಒಳಗಿದೆ. ಬಿಳಿ ಚೌಕ ನೋಡಿ ಜೋರಾಗಿ ಹೇಳಿದೆ: ಕೋಳಿ ಮನೆಯ ಹೊರಗಿದೆ. ಕೈ ಒಂದು ಬರೆದದ್ದೂ ಬಾಯಿ ಇನ್ನೊಂದು ಹೇಳಿದ್ದೂ ನನಗೇ ತಿಳಿಯಲಿಲ್ಲ ನೋಡಿ. ನನ್ನನ್ನು ಏನು ಮಾಡಿಟ್ಟಿದ್ದೀರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತರಗತಿ ಒಂದೇ ಕಂಠದಲ್ಲಿ ‘ಕೋಳಿ ಮನೆಯ ಹೊರಗಿದೆ’ ಎಂದಿತು. ಅದರೊಳಗಿನಿಂದ ಫಾನಿಸಳ ದನಿ ಮಾತ್ರ ‘ಒಳಗಿದೆ’ ಎಂದಿತು. ಮತ್ತೆ ಹೇಳಿಸಿದೆ. ಮತ್ತೆ ಅವಳು ‘ಒಳಗಿದೆ.’ ಮಕ್ಕಳು ನಕ್ಕರು. ‘ಫಾನಿಸ್ ಕೋಳಿಗೆ ಚಳಿಯಂತೆ!’ ಎಂದು ಯಾರೋ ಅಂದರು.

ಮುಥೋನಿ ಎದ್ದು ಬಂದಳು. ‘ಮರೀ, ನಿನ್ನ ಕೋಳಿ ಎಲ್ಲಿದೆ?’

‘ನನ್ ಕೋಳಿ ಅಲ್ಲ, ಹಲಗೇದು. ಒಳಗಿದೆ.’ ಬೆರಳು ಹಲಗೆಯ ಕಡೆ.

ಆಗ ನಾನು ಹಲಗೆಯನ್ನು ನೋಡಿದೆ. ‘ಅವಳು ಹೇಳಿದ್ದು ಸರಿ’ ಎಂದೆ. ಮುಥೋನಿ ನನ್ನ ಟ್ಯಾಬ್ ತೆಗೆದುಕೊಂಡು ನೋಡಿ, ನಗುಮುಖದಲ್ಲೇ ಹೇಳಿದಳು:

‘ಮೇಡಂ, ಹಲಗೆ ಮೇಲೆ ಏನೇ ಇರ್ಲಿ, ಹೇಳ್ಬೇಕಾದ್ದು ಇದು. ಇಡೀ ಕ್ಲಾಸ್ ಹೇಳಿದ್ದನ್ನ ಇವಳೊಬ್ಬಳಿಗೆ ಹೇಳೋಕಾಗ್ತಿಲ್ಲ ಅಂದ್ರೆ ಈ ಕ್ಲಾಸು ಇವಳಿಗೆ ಭಾರ.’

‘ಇಡೀ ಕ್ಲಾಸಲ್ಲಿ ಓದಿದ್ದು ಇವಳೊಬ್ಬಳೇ.’

‘ಓದೋ ಪುಟ ನಾಳೇದು, ಮೇಡಂ. ಇವತ್ತಿಂದು ಕೇಳಿ ಹೇಳೋ ಪುಟ.’

ಮಾರನೆಯ ದಿನ ನೈರೋಬಿಯಿಂದ ಆಜ್ಞೆ ಬಂತು, ಫಾನಿಸ್ ಶಿಶು ತರಗತಿಗೆ. ಬೆಳೆದ ಹುಡುಗಿ, ಗಿಡ್ಡ ಬೆಂಚಿನಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದಾಳೆ. ನಾನು ಮಕೋಖಾ ಅವರ ಕೋಣೆಗೆ ಹೋಗಿ ಕೂಗಾಡಿದೆ. ಜೀವನದಲ್ಲಿ ಮೊದಲ ಸಲ ಮೇಜು ಗುದ್ದಿದೆ. ಅವರು ತಣ್ಣಗೆ, ‘ಮೇಡಂ, ಗುದ್ದಿ, ಮೇಜು ನಂದಲ್ಲ. ಆದ್ರೆ ಪಾಠ ತಪ್ಪು ಅಂತ ಹೇಳೋ ಅಧಿಕಾರ ಪಾಠ ಬರೆದೋರಿಗೆ ಮಾತ್ರ. ನಾನು ಹೇಳಿದ್ರೆ ನಾಳೆ ನಾನೂ ಬೇಬಿ ಕ್ಲಾಸಲ್ಲಿ’ ಎಂದರು.

ನೀವು ‘ಒಳಗೆ’ ಎಂದೇ ಬರೆದಿರುತ್ತೀರಿ, ಅದನ್ನು ನಾನು ಬಲ್ಲೆ. ನಮ್ಮ ಅಡುಗೆಮನೆಯಲ್ಲಿ ರಾತ್ರಿ ಕೋಳಿಗಳು ಎಲ್ಲಿ ಮಲಗುತ್ತವೆ ಎಂಬುದನ್ನು ನೀವು ಇನ್ನೂ ಮರೆತಿರಲಾರಿರಿ. ಕೋಳಿ ಮನೆಯೊಳಗೆ ಇರುವುದನ್ನು ಕಂಡರಿಯದ ಯಾರೋ ಅಲ್ಲಿ ಕೂತು ಬಿಳಿ ಚೌಕದಲ್ಲಿ ‘ಹೊರಗೆ’ ಎಂದು ತಿದ್ದಿದ್ದಾರೆ, ಕಪ್ಪು ಚೌಕ ತಿದ್ದಲು ಮರೆತಿದ್ದಾರೆ. ಅಷ್ಟೇ ಆದದ್ದು. ಯಾರಿಂದಲಾದರೂ ಆಗುವಂಥ ತಪ್ಪು, ಅದಕ್ಕೆ ನನಗೆ ಸಿಟ್ಟಿಲ್ಲ. ಆ ತಪ್ಪನ್ನು ಅಷ್ಟೊಂದು ಶಾಲೆಗಳಲ್ಲಿ ಅಷ್ಟೊಂದು ಟೀಚರುಗಳು ಅದೇ ಬೆಳಿಗ್ಗೆ ಅದೇ ಹೊತ್ತಿನಲ್ಲಿ ಓದಿದ್ದಾರೆ. ಒಬ್ಬರಾದರೂ ಕೈ ನಿಲ್ಲಿಸಿದರೇ? ನಿಲ್ಲಿಸಿದ್ದರೆ ಅವರ ಪುಟ ನಿಂತಿರುತ್ತಿತ್ತು, ಅವರಿಗೆ ಫೋನ್ ಹೋಗಿರುತ್ತಿತ್ತು. ತಪ್ಪು ಕಂಡರೂ ನಿಲ್ಲಲಾಗದ ಹಾಗೆ ನಮ್ಮನ್ನು ಕಟ್ಟಿಹಾಕಿ, ಅದಕ್ಕೆ ಸಮಾನತೆ ಎಂದು ಹೆಸರಿಟ್ಟು ಕೂತಿದ್ದೀರಲ್ಲ, ಸಿಟ್ಟು ಅದಕ್ಕೆ.

ಕಳೆದ ಬುಧವಾರ ಊಟದ ಬಿಡುವಿನಲ್ಲಿ ಫಾನಿಸ್ ನಲ್ಲಿಯ ಹತ್ತಿರ ಒಬ್ಬಳೇ ಇದ್ದಳು. ನಾನು ಕಡ್ಡಿ ತೆಗೆದುಕೊಂಡು ಒದ್ದೆ ಮಣ್ಣಿನ ಮೇಲೆ ಒಂದು ಸಣ್ಣ ವಾಕ್ಯ ಬರೆದೆ. ಅವಳಿಗೆ ಚೆನ್ನಾಗಿ ಗೊತ್ತಿರುವ ಪದಗಳು. ಓದು ಮಗಳೇ ಎಂದೆ. ಅವಳು ಮಣ್ಣನ್ನು ನೋಡಲೇ ಇಲ್ಲ. ನನ್ನ ತುಟಿಯನ್ನೇ ನೋಡುತ್ತ, ಬಹಳ ವಿನಯದಿಂದ, ‘ಏನಂತ ಹೇಳ್ಬೇಕು ಟೀಚರ್?’ ಎಂದಳು.

ಅದನ್ನು ಕೇಳಿದ ಮೇಲೆ ನನಗೆ ನಿಮ್ಮೊಂದಿಗೆ ಮೆತ್ತಗೆ ಮಾತನಾಡಲು ಆಗುತ್ತಿಲ್ಲ. ಓದಲು ಬಾರದ ಮಗುವಿಗೆ ಓದು ಕಲಿಸಬಹುದು. ಕಣ್ಣಾರೆ ಕಂಡದ್ದನ್ನು ಹೇಳಿದರೆ ಶಿಕ್ಷೆ ಎಂದು ಕಲಿತ ಮಗುವಿಗೆ ನಾನು ಯಾವ ಅಕ್ಷರದಿಂದ ಶುರು ಮಾಡಲಿ? ಅವಳು ಇನ್ನೂ ಸ್ವಲ್ಪ ದಿನ ಆ ಗಿಡ್ಡ ಬೆಂಚಿನಲ್ಲಿ ಕೂತರೆ ಆ ಪಾಠ ಅವಳಿಗೆ ಗಟ್ಟಿಯಾಗಿಬಿಡುತ್ತದೆ.

ನೀವು ಮಾಡಬೇಕಾದದ್ದು ಇಷ್ಟೇ. ಕೋಳಿಯ ಪಾಠದಲ್ಲಿ ತಪ್ಪಿತ್ತು, ಕಿಮಿಲಿಲಿಯ ಹುಡುಗಿ ಹೇಳಿದ್ದು ಸರಿ ಎಂದು ನಿಮ್ಮ ಮೇಲಿನವರಿಗೆ ಹೇಳಿ. ಅವಳನ್ನು ಮತ್ತೆ ಎರಡನೇ ತರಗತಿಯಲ್ಲಿ ಕೂರಿಸಿ, ಎಲ್ಲರ ಮುಂದೆ ಕೂರಿಸಿ.

ನನ್ನದನ್ನು ಹೇಳದೆ ಬಿಟ್ಟರೆ ಬೇರೆಯವರಿಂದ ಕೇಳುತ್ತೀರಿ, ಅದಕ್ಕೆ ಹೇಳುತ್ತೇನೆ. ಪುಟ ತಿರುಗಿಸಿ ಬೇರೆ ಕಲಿಸಿದ್ದು ಗೊತ್ತಾಯಿತು, ನಾನೇ ಮಕೋಖಾ ಅವರ ಮೇಜಿನ ಎದುರು ಕೂಗಿ ಹೇಳಿದ್ದೆ. ಕ್ಷಮೆ ಕೇಳಿದರೆ ಉಳಿಯಬಹುದಿತ್ತು. ಶುಕ್ರವಾರ ಟ್ಯಾಬ್ ಒರೆಸಿ ವಾಪಸು ಕೊಟ್ಟು ಬಂದೆ. ನನ್ನ ಜಾಗಕ್ಕೆ ನಾಳೆ ಹೊಸಬಳು ಬರುತ್ತಾಳೆ. ನನ್ನ ಪರವಾಗಿ ಯಾರಲ್ಲೂ ಮಾತನಾಡಬೇಡಿ. ಹೊಲವಿದೆ, ದನವಿದೆ, ಹಳೆಯ ಮಕ್ಕಳು ಕೆಲವರು ಸಂಜೆ ಬರುತ್ತೇವೆ ಅಂದಿದ್ದಾರೆ. ಎರಡು ಕೈಯಲ್ಲೂ ಸೀಮೆಸುಣ್ಣ ಹಿಡಿಯಬಹುದು ಈಗ.

ಆರೋಗ್ಯ ನೋಡಿಕೊಳ್ಳಿ. ನಿಮ್ಮ ತಾಯಿಯ ಮಂಡಿನೋವು ಹಾಗೆಯೇ ಇದೆ, ನಿಮ್ಮನ್ನು ಕೇಳುತ್ತಿರುತ್ತಾರೆ.

ಇಂತಿ,
ಜೆರೂಷಾ ನಾಸಿಮಿಯು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಾಳೆ ನನ್ನ ಜಾಗಕ್ಕೆ ಬರುವ ಹೊಸಬಳು ನಮ್ಮ ನಾಲಿಯಾಕ. ತರಬೇತಿ ಮುಗಿಸಿ ಸರ್ಕಾರಿ ಕೆಲಸಕ್ಕೆ ಕಾದು ಕಾದು ಸೋತಿದ್ದಾಳೆ, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಈಗ ಪಕ್ಕದ ಕೋಣೆಯಲ್ಲಿ ನಾಳೆಯ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಳೆ, ಅವಳ ದನಿಯಲ್ಲಿ ನಿಮ್ಮ ವಾಕ್ಯ ಕೇಳಿಸುತ್ತಿದೆ. ಕೆಲಸ ಹೇಗೆ ಸಿಕ್ಕಿತು ಮಗಳೇ ಎಂದು ಕೇಳಿದೆ. ‘ಅಪ್ಪ ದೊಡ್ಡ ಸಾಹೇಬರ ರೂಮಿಗೇ ಹೋಗಿ ನನ್ನ ವಿಷಯ ಮಾತಾಡಿದ್ರು, ಒಂದೇ ಮಾತಿಗೆ ಆಯ್ತು’ ಎಂದು ಹೆಮ್ಮೆಯಿಂದ ಹೇಳಿದಳು. ಆ ರೂಮಿಗೆ, ಇನ್ನೊಬ್ಬರ ಮಗಳಿಗಾಗಿ, ಇನ್ನೊಂದು ಸಲ ಹೋಗುತ್ತೀರಾ?