ನಿಸ್ಮಾಳ ಕೆಂಪು ಮರಿ

ನವೆಂಬರ್ 3, ಬೆಳಿಗ್ಗೆ

ಚಹಾ ಆಯಿತು. ನಮ್ಮ ನಾಯಿ ನಿಸ್ಮಾ ಇವತ್ತೂ ರೊಟ್ಟಿ ಮೂಸಿ ಬಿಟ್ಟಳು. ಹೊಟ್ಟೆ ಉಬ್ಬಿದೆ, ಮೊಲೆ ಇಳಿದಿವೆ. ಒತ್ತಿ ನೋಡಿದೆ — ಹಾಲು!

ಬೆದೆಗೆ ಬಂದಾಗ ಮೂರು ವಾರ ಕೋಣೆಯಲ್ಲಿ ಕೂಡಿ ಹಾಕಿದ್ದೆ. ಬೀಗದ ಕೈ ನನ್ನ ಕೊರಳಲ್ಲೇ ಇತ್ತು. ಅಪ್ಪನ ಕಾಲದಿಂದ ಕಾಪಾಡಿಕೊಂಡು ಬಂದ ಸ್ಲೂಗಿ ಬೇಟೆನಾಯಿಯ ತಳಿ ಇದು. ಮುಂದಿನ ಬೆದೆಗೆ ಕೆಬಿಲಿ ಪಟ್ಟಣದ ಅದೇ ತಳಿಯ ಗಂಡಿಗೆ ಮಾತಾಗಿತ್ತು. ಬೀದಿನಾಯಿ ಒಮ್ಮೆ ಮುಟ್ಟಿದರೆ ಹೆಣ್ಣಿನ ರಕ್ತವೇ ಕೆಟ್ಟಿತು, ಆಮೇಲೆ ಎಂಥ ಗಂಡು ತಂದರೂ ಕಲಬೆರಕೆ ಮರಿಯೇ ಅನ್ನುತ್ತಿದ್ದ ಅಪ್ಪ.

ಗೋಡೆಯಾಚೆ ಇರುವುದು ಒಂದೇ ಗಂಡು. ಪಕ್ಕದ ಮನೆಯ ಲಜ್ಹರನ ಹಳದಿ ನಾಯಿ ಕಮ್ಮೂನ್. ಒಂದು ಕಿವಿ ಮೇಲೆ, ಒಂದು ಕೆಳಗೆ. ಥೂ.

ಮಧ್ಯಾಹ್ನ

ಹೋಗಿ ಕೇಳಿಯೇ ಬಿಟ್ಟೆ. ಲಜ್ಹರ್ ಖರ್ಜೂರ ಆರಿಸುತ್ತ ಕೂತಿದ್ದ. ನಕ್ಕ.

"ನನ್ನ ಕಮ್ಮೂನ್ ಹಲ್ಲುದುರಿದ ಮುದುಕ ಕಣೋ. ಹೊಸಿಲು ದಾಟೋಕೇ ಏದುಸಿರು ಬಿಡ್ತಾನೆ. ನಿನ್ನ ಗೋಡೆ ಹಾರ್ತಾನಾ?"

"ಸಾಕಿದೋನ ಬುದ್ಧೀನೇ ಅಲ್ವಾ ಅದಕ್ಕೂ ಬರೋದು? ನೋಡೋಕೆ ಮಾತ್ರ ಸಾಧು."

ನಗು ನಿಂತಿತು. "ನಿನ್ನ ನಾಯಿ ರಾಣಿ, ನನ್ನದು ಕಳ್ಳ ಅಂತ ತಾನೆ ಬಲ್ಗಾಸಿಮ್? ಇನ್ಮೇಲೆ ನನ್ನ ಬಾಗಿಲಿಗೆ ಬರಬೇಡ."

ನಲವತ್ತು ವರ್ಷ, ದಿನಾ ಸಂಜೆ, ಮರಳಲ್ಲಿ ಗುಳಿ ತೋಡಿ ಕಲ್ಲಾಟ ಆಡಿದವರು. ಮುಗಿಯಿತು. ಮುಗಿಯಲಿ.

ನವೆಂಬರ್ 9

ನಿಸ್ಮಾ ಮಗ್ಗದ ಕೆಳಗೆ ಗೂಡು ಮಾಡಿಕೊಂಡಿದ್ದಾಳೆ. ಮನೆಯ ಉಣ್ಣೆಯೆಲ್ಲ ಅಲ್ಲಿಗೇ. ಮಬ್ರೂಕಾ ಬೈಯುವ ಬದಲು ಬಾಣಂತನ ಶುರು ಮಾಡಿದ್ದಾಳೆ. ನಾಯಿಗೆ ಹುರಿಹಿಟ್ಟು, ಆಲಿವ್ ಎಣ್ಣೆ. ಗಂಡನಿಗೆ ಬರೀ ಚಹಾ.

"ಅವಳದೇನ್ರೀ ತಪ್ಪು? ಬೀಗ ಹಾಕಿದವರು ನೀವು."

ಸಂಜೆ ಗುಳಿಗಳ ಮುಂದೆ ಒಬ್ಬನೇ ಕೂತೆ. ಎರಡೂ ಕಡೆ ನಾನೇ ಆಡಿದೆ. ಸೋತೆ.

ನವೆಂಬರ್ 12

ಗೋಡೆಯಾಚೆ ಕೂಗಾಟ. ಬಿಸಿಲಿಗೆ ಹಾಕಿದ್ದ ಲಜ್ಹರನ ಮದುವೆಯ ಕೆಂಪು ಟೋಪಿ ಕಾಣೆಯಂತೆ. ಚೆನ್ನಾಗಾಯಿತು ಅಂದುಕೊಂಡೆ. ಖುಷಿಯೇನೂ ಆಗಲಿಲ್ಲ.

ನವೆಂಬರ್ 20

ಬೆದೆ ಮುಗಿದು ಎಪ್ಪತ್ತು ದಿನ. ನಾಯಿಗೆ ಎರಡು ತಿಂಗಳು ಸಾಕು. ಮರಿಯಿಲ್ಲ, ನೋವಿಲ್ಲ. ಗೂಡಿನ ಹತ್ತಿರ ಹೋದರೆ ಗುರ್ ಅನ್ನುತ್ತಾಳೆ. ನನಗೆ!

ನವೆಂಬರ್ 21

ಕೆಬಿಲಿಯ ದವಾಖಾನೆ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು. ಒಳಗೆ ಏನೂ ಇಲ್ಲ.

"ಸುಳ್ಳು ಬಸಿರು ಯಜಮಾನ್ರೇ. ಗಂಡು ಮುಟ್ಟದಿದ್ರೂ ಬರುತ್ತೆ. ಆಪರೇಷನ್ ಆಗದ ಹೆಣ್ಣುನಾಯಿಗಳಿಗೆ ಇದು ಮಾಮೂಲು."

"ಹಾಲು ಬರ್ತಿದೆಯಲ್ಲಮ್ಮ?"

"ಬರುತ್ತೆ. ಹಿಂಡಬೇಡಿ, ಜಾಸ್ತಿಯಾಗುತ್ತೆ. ಎರಡು ವಾರದಲ್ಲಿ ತಾನೇ ಇಳಿಯುತ್ತೆ. ಏನನ್ನಾದ್ರೂ ಮರಿ ಅಂತ ಸಾಕ್ತಿದ್ರೆ ಮೆಲ್ಲಗೆ ತೆಗೆದಿಡಿ."

ದಿನಾ ಹಿಂಡಿ ನೋಡುತ್ತಿದ್ದೆ ಅಂತ ಹೇಳಲಿಲ್ಲ.

ತಳಿ ಉಳಿಯಿತು! ದಾರಿಯುದ್ದಕ್ಕೂ ಹಾಡಿದೆ. ಲಜ್ಹರನ ಬಾಗಿಲು ಕಂಡಾಗ ಹಾಡು ನಿಂತಿತು.

ಸಂಜೆ

ಉಣ್ಣೆ ಸರಿಸಿದೆ. ಮರಿ ಸಿಕ್ಕಿತು... ಲಜ್ಹರನ ಕೆಂಪು ಟೋಪಿ! ನೆಕ್ಕಿಸಿಕೊಂಡು ಮೆತ್ತಗಾಗಿದೆ. ಗೋಡೆ ಹಾರಿದ್ದು ನಮ್ಮ ರಾಣಿಯೇ.

ಮಬ್ರೂಕಾ ನಗುತ್ತ ನೆಲದ ಮೇಲೇ ಕೂತಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರೆ. ಇಲ್ಲಿ ಕುಲಾವೀನೇ ಕೂಸು! ಹೋಗ್ರೀ, ತಪ್ಪಾಯ್ತು ಅನ್ನಿ."

ಹೋಗಲಾಗಲಿಲ್ಲ. ನಾಚಿಕೆ.

ನವೆಂಬರ್ 22, ಶುಕ್ರವಾರ

ನಮಾಜ್ ಮುಗಿದ ಮೇಲೆ, ಎಲ್ಲರೆದುರು, ಲಜ್ಹರನ ತಲೆಗೆ ಮುತ್ತಿಟ್ಟು ಕ್ಷಮೆ ಕೇಳಿದೆ. ಟೋಪಿಯಿಲ್ಲದ ಬೋಳು ತಲೆ.

"ಕಮ್ಮೂನ್‌ದು ತಪ್ಪಿಲ್ಲ ಕಣೋ. ನನ್ನ ನಾಯೀನೇ ಕಳ್ಳಿ. ನಿನ್ನ ಟೋಪಿಗೆ ಹಾಲು ಕುಡಿಸ್ತಿದಾಳೆ."

ಮಸೀದಿಯ ಅಂಗಳವೆಲ್ಲ ನಕ್ಕಿತು. ಲಜ್ಹರ್ ಮಾತ್ರ ನನ್ನನ್ನೇ ನೋಡಿದ. "ನಡಿ, ಕೂಸು ತೋರಿಸು."

ಬಂದ. ನಿಸ್ಮಾ ಗುರ್ ಅನ್ನಲಿಲ್ಲ, ಬಾಲ ಆಡಿಸಿದಳು. ಮರಿಯ ವಾಸನೆ ಅವನದೇ ತಾನೆ. ಟೋಪಿಗೆ ಕೈ ಚಾಚಿದವನು ಹಿಂದೆಳೆದುಕೊಂಡ.

"ಇವತ್ತೊಂದಿನ ಇರಲಿ ಬಿಡೋ. ಬಾಣಂತಿ ಕೈಯಿಂದ ಕಿತ್ಕೊಳ್ಳೋದಾ?"

ಆಮೇಲೆ ನನ್ನ ಟೋಪಿ ಎತ್ತಿ ತನ್ನ ತಲೆಗಿಟ್ಟುಕೊಂಡು ಗುಳಿಗಳ ಮುಂದೆ ಕೂತ. ಕಣ್ಣು ತುಂಬಿ ಬಂತು. ಮೂರಾಟ ಸೋತೆ. ಇಷ್ಟು ಸುಖವಾಗಿ ಎಂದೂ ಸೋತಿರಲಿಲ್ಲ.

ಡಿಸೆಂಬರ್ 6

ಹಾಲು ನಿಂತಿದೆ. ಹೊಟ್ಟೆ ಇಳಿದಿದೆ. ಟೋಪಿ ಒಗೆದು ವಾಪಸು ಕೊಟ್ಟು ಎರಡು ವಾರ. ಆದರೂ ಲಜ್ಹರ್ ಆಟಕ್ಕೆ ಬಗ್ಗಿದರೆ ನಿಸ್ಮಾ ಬಂದು ಅವನ ನೆತ್ತಿ ನೆಕ್ಕುತ್ತಾಳೆ. ಇವತ್ತು ನನಗೆ ಗೆಲ್ಲುವ ಉಪಾಯ ಹೊಳೆದಿದೆ. ಮೊದಲು ಎಡಗಡೆಯ ಕಲ್ಲು ಬಿಟ್ಟುಕೊಟ್ಟು...

ಗೋಡೆಯಾಚೆಯಿಂದ ಕೂಗುತ್ತಿದ್ದಾನೆ. "ಬಲ್ಗಾಸಿಮ್! ಬೇಗ ಬಾರೋ! ನಿನ್ನ ರಾಣಿ ಮತ್ತೆ ನನ್ನ—"