ಧಾರಾವಾಹಿಯಲ್ಲಿ ನಾನು ಸತ್ತ ಸಂಜೆ

ಗೊಟ್ಟಿಗೆರೆ,
೧೬-೧೧-೨೦೨೫, ಭಾನುವಾರ ಬೆಳಿಗ್ಗೆ

ಸೌಭಾಗ್ಯವತಿ ಗೌರಮ್ಮನಿಗೆ,

ಮೇಲಿನ ‘ಸೌಭಾಗ್ಯವತಿ’ಯನ್ನು ಪೆನ್ನು ಒತ್ತಿ ದಪ್ಪಗೆ ಬರೆದಿದ್ದೇನೆ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ. ಮೊದಲು ನೀನು ಹೇಗಿದ್ದೀಯ ಹೇಳು. ಮಂಡಿನೋವು ಹೇಗಿದೆ? ಬಾಣಂತನ ಮಾಡಲು ಹೋದವಳು ನೀನೇ ಹಾಸಿಗೆ ಹಿಡಿಯಬೇಡ. ಬಿಸಿನೀರಿನ ಬಕೆಟ್ಟು ನೀನು ಎತ್ತಬೇಡ, ಅಳಿಯನ ಕೈಲಿ ಎತ್ತಿಸು, ಮಗು ಅವನದೂ ಹೌದು. ಶೃತಿ ತಲೆಗೆ ಬಟ್ಟೆ ಕಟ್ಟಿಕೊಳ್ಳಲಿ, ಕಿವಿಗೆ ಹತ್ತಿ ಇಟ್ಟುಕೊಳ್ಳಲಿ, ಫ್ಯಾಷನ್ನು ಆಮೇಲೆ ಮಾಡಿದರಾಯಿತು. ಪುಟ್ಟಿ ನಿದ್ದೆ ಮಾಡಲು ಬಿಡುತ್ತಿಲ್ಲವಂತೆ. ಅವಳ ಅಮ್ಮ ಏನು ಕಡಿಮೆ ಇದ್ದಳೇ? ನಾನು ಕ್ಷೇಮ. ಯಾರು ಏನೇ ಹೇಳಲಿ, ಯಾರು ಫೋನು ಮಾಡಿ ಗೊಳೋ ಎನ್ನಲಿ, ನಾನು ಗುಂಡುಕಲ್ಲಿನ ಹಾಗಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನು ಎತ್ತಿದ ಕೂಡಲೇ ಸ್ಪೀಕರ್ ಒತ್ತುತ್ತೀಯ, ಬೀಗರ ಮನೆಯ ಮೂಲೆಮೂಲೆಗೂ ನಮ್ಮ ಸಂಸಾರ ಕೇಳಿಸುತ್ತದೆ. ಮೋಹಿತ ಇವತ್ತು ಅಂಟಿನುಂಡೆ, ಖಾರದಪುಡಿ ಎಲ್ಲ ತುಂಬಿಕೊಂಡು ಕಾರಿನಲ್ಲಿ ದಾವಣಗೆರೆಗೆ ಹೊರಟಿದ್ದಾನೆ, ಅದಕ್ಕೇ ಕಾಗದ.

ನೀನು ಹೋಗುವಾಗ ನನ್ನ ತಲೆಯ ಮೇಲೆ ಒಂದು ಬಂಡೆ ಇಟ್ಟು ಹೋದೆ. ‘ಬುಧವಾರ ಹೆಸರಿಡೋ ಹೊತ್ಗೆ ಕೆಂಚಕ್ಕ ಬರ್ಬೇಕು, ಅವರ ಕೈಲೇ ಮಗು ತೊಟ್ಲಿಗ್ ಹೋಗ್ಬೇಕು, ಇಲ್ದಿದ್ರೆ ನಾನು ಆರತಿ ತಟ್ಟೆ ಮುಟ್ಟಲ್ಲ’ ಎಂದೆ. ನಮ್ಮ ಮನೆಯ ಹೆಣ್ಣುಮಗಳ ಚೊಚ್ಚಲ ಮಗುವನ್ನು ತವರಿನ ಹಿರಿಯ ಹೆಣ್ಣುಮಗಳೇ ತೊಟ್ಟಿಲಿಗೆ ಹಾಕಬೇಕೆನ್ನುವುದು ನನಗೂ ಗೊತ್ತಿರುವ ಪದ್ಧತಿಯೇ. ಆದರೆ ನನ್ನ ಅಕ್ಕ ಯಾರು? ಕೆಂಚವ್ವ. ಮೋಹಿತನ ಮದುವೆಯಲ್ಲಿ ಸೋದರತ್ತೆ ಮೊದಲು ಅರಿಶಿನ ಹಚ್ಚಬೇಕಿತ್ತು. ಜಿಗಣಿಯಿಂದ ಬರುವ ದಾರಿಯಲ್ಲಿ ಅವಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಳು, ಇಲ್ಲಿ ಆ ಫೋಟೊದವನು ‘ಲೈಟ್ ಹೋಗ್ತಾ ಇದೆ ಮೇಡಂ, ಬೇಗ ಬೇಗ’ ಎಂದು ಕುಣಿದ, ಹೆಂಗಸರೆಲ್ಲ ಸೇರಿ ಹಚ್ಚಿಯೇಬಿಟ್ಟರು. ಅಕ್ಕ ಬಂದಾಗ ಹುಡುಗ ಮೈ ತೊಳೆದುಕೊಂಡು ಬಂದಿದ್ದ. ‘ನಿನ್ ಮನೆ ಹೊಸ್ಲು ಇನ್ ತುಳಿಯಾಕಿಲ್ಲ ಕಣ್ಲಾ’ ಎಂದು ಹೋದವಳು ಹೋದಳು. ವರ್ಷವರ್ಷ ಗೌರಿಹಬ್ಬದ ಬಾಗಿನ ಕಳಿಸಿದೆವು, ಅದು ಬಾಗಿಲಿನಿಂದಲೇ ವಾಪಸು ಬಂತು. ನಾನೇ ಹೋಗಿ ನಿಂತಾಗ ಒಳಗಿನಿಂದ ಚಿಲಕ ಹಾಕಿಕೊಂಡಳು. ಇಂಥವಳನ್ನು ನಾನು ಬುಧವಾರದೊಳಗೆ ಎಲ್ಲಿಂದ ತರಲಿ ಎಂದು ಊಟ ಸೇರದೆ ಕೂತಿದ್ದೆ.

ಇರಲಿ, ಮೊದಲು ನಮ್ಮ ಧಾರಾವಾಹಿ ‘ಮಲ್ಲಿಗೆ ಚಪ್ಪರ’ದ ಸುದ್ದಿ ಕೇಳು, ಇಲ್ಲದಿದ್ದರೆ ನೀನು ಮುಂದೆ ಓದುವುದಿಲ್ಲ. ಮಗುವಿನ ಕಣ್ಣಿಗೆ ಆಗುವುದಿಲ್ಲ ಎಂದು ಬೀಗಿತ್ತಿ ಟೀವಿಗೆ ಬಟ್ಟೆ ಮುಚ್ಚಿದ್ದಾರೆ ಎಂದು ಕೇಳಿ ನಿನಗಿಂತ ನನಗೇ ಹೊಟ್ಟೆ ಉರಿಯಿತು. ನಮ್ಮ ಇಂಚರಾ ಮನೆ ಬಿಟ್ಟು ಹೊರಟಳು ಕಣೇ! ಕೊನೆಗೂ! ಆ ದಮಯಂತಿ, ಅವಳ ಅತ್ತೆ, ಹಾಲಿಗೆ ಏನೋ ಬೆರೆಸಿ, ಸೊಸೆ ವಿಷ ಹಾಕಿದಳು ಎಂದು ಇವಳ ಮೇಲೆ ಹೊರಿಸಿದಳಲ್ಲ, ಆ ಹಾಲನ್ನು ಕುಡಿದ ಬೆಕ್ಕು ಬದುಕಿಬಿಟ್ಟಿತು, ಅದು ವಿಷವೇ ಅಲ್ಲ ಎಂದು ಅಲ್ಲಿಗೆ ಎಲ್ಲ ಬಯಲಾಯಿತು. ಗಂಡ ಎನ್ನುವ ಪ್ರಾಣಿ ಈಗಲೂ ‘ಅಮ್ಮ ಹಾಗೆ ಮಾಡಲ್ಲ’ ಎಂದು ಕಂಬದ ಹಾಗೆ ನಿಂತಿದ್ದಾನೆ. ಅವನ ಕೆನ್ನೆಗೆ ನಾನೇ ಎರಡು ಬಿಡಬೇಕು ಅನ್ನಿಸುತ್ತದೆ. ಅಡುಗೆಮನೆಯಲ್ಲೂ ರೇಷ್ಮೆ ಸೀರೆ, ಒಂದು ಮಾತಿಗೆ ಮೂರು ಸಲ ಗುಡುಗು, ಅಷ್ಟು ಜನ ಉಣ್ಣುವ ಮನೆಯಲ್ಲಿ ಪಾತ್ರೆ ತೊಳೆಯುವವರು ಒಬ್ಬರಿಲ್ಲ. ಇದೆಲ್ಲ ನನಗೆ ಕಾಣುವುದಿಲ್ಲ ಎಂದಲ್ಲ. ಆದರೂ ಏಳೂವರೆಯಾದರೆ ಕೈಕಾಲು ತಾನಾಗಿ ಸೋಫಾದ ಕಡೆ ಹೋಗುತ್ತವೆ. ಆ ಹುಡುಗಿ ತಪ್ಪು ಮಾಡದೆ ಬೈಸಿಕೊಂಡು ಸುಮ್ಮನೆ ನಿಲ್ಲುತ್ತಾಳಲ್ಲ, ಅವಳನ್ನು ಹಾಗೇ ಬಿಟ್ಟು ಏಳಲು ಮನಸ್ಸು ಬರುವುದಿಲ್ಲ. ನೀನು ಪಕ್ಕದಲ್ಲಿ ಕೂತು ‘ಅಯ್ಯೋ ಪಾಪಿ ಮುಂಡೆ’ ಎಂದು ದಮಯಂತಿಗೆ ಬೈಯದೆ ನೋಡುವುದು ಉಪ್ಪಿಲ್ಲದ ಮುದ್ದೆ ನುಂಗಿದ ಹಾಗೆ. ‘ಅಜ್ಜಿ ಅಡುಗೆ ಅಖಾಡ’ದಲ್ಲಿ ನಿನ್ನ ಮೆಚ್ಚಿನ ಮಾಗಡಿ ಅಜ್ಜಿ ಇನ್ನೂ ಸ್ಪರ್ಧೆಯಲ್ಲಿದ್ದಾರೆ, ಚಿಂತೆ ಮಾಡಬೇಡ.

ಮಲ್ಲಿಗೆ ಚಪ್ಪರದವರಿಗೆ ಹಿಂದಿನ ಹೆಂಚಿನ ಮನೆಯನ್ನು ಶೂಟಿಂಗಿಗೆ ಕೊಟ್ಟೆವೆಂದು ಮೋಹಿತ ಹೇಳಿದ್ದಾನೆ, ನೀನು ಇಲ್ಲದಾಗಲೇ ಬಂದರು ಎಂದು ಮುಖ ಊದಿಸಿದ್ದೂ ಗೊತ್ತಾಯಿತು. ಅವನು ಹೇಳದೆ ಇದ್ದದ್ದನ್ನು ನಾನು ಹೇಳುತ್ತೇನೆ, ಉಸಿರು ಹಿಡಿದುಕೊ. ಮನೆ ಬಿಟ್ಟು ಬಂದ ಇಂಚರಾ ತನ್ನ ಸತ್ತುಹೋದ ತಾತನ ಹಳ್ಳಿಮನೆಗೆ ಬರುತ್ತಾಳೆ, ತಾತನ ಫೋಟೊದ ಮುಂದೆ ನಿಂತು ಅಳುತ್ತಾಳೆ, ಇದು ಸೀನು. ತಾತನದೆಂದು ಮಾಡಿಸಿದ ಫೋಟೊ ಅವರ ಆಫೀಸಿನಲ್ಲೇ ಉಳಿದುಬಿಟ್ಟಿತ್ತು. ಡೈರೆಕ್ಟರು ಕೂಗಾಡುತ್ತಿದ್ದರು, ಸೆಟ್ಟಿನ ಸಾಮಾನು ನೋಡಿಕೊಳ್ಳುವ ಚಲುವರಾಜು ಬೆವರುತ್ತಿದ್ದ. ನನಗೆ ಏನಾಯಿತೋ, ‘ನಂದೇ ಹಾಕ್ರಪ್ಪಾ’ ಎಂದುಬಿಟ್ಟೆ. ನಾವಿಬ್ಬರೂ ಮೊದಲನೇ ದಿನದಿಂದ ಬಿಡದೆ ನೋಡಿಕೊಂಡು ಬಂದ ಧಾರಾವಾಹಿ, ಅದರೊಳಗೆ ನಾನು! ಚಲುವರಾಜು ಒಳ್ಳೆಯವನು, ‘ಬ್ಯಾಡ ಯಜಮಾನ್ರೇ, ಬದ್ಕಿರೋರ್ದು ಹಾಕ್ಬಾರ್ದು, ಮನೇಲಿ ಒಂದ್ ಮಾತು ಕೇಳಿ’ ಎಂದ. ಮನೆಯವಳು ದಾವಣಗೆರೆಯಲ್ಲಿದ್ದಾಳೆ, ಕೇಳಲು ಯಾರಿದ್ದಾರೆ ಎಂದು ಹಾಲಿನ ಸೊಸೈಟಿಗೆ ಅಧ್ಯಕ್ಷನಾದಾಗ ಮೀಸೆ ತಿರುವಿ ತೆಗೆಸಿದ ಫೋಟೊವನ್ನು ನಾನೇ ಒರೆಸಿ ಕೊಟ್ಟೆ. ಅದಕ್ಕೆ ಗಂಧದ ಹಾರ ಹಾಕಿದರು, ಮುಂದೆ ದೀಪ ಹಚ್ಚಿದರು. ಆ ಹುಡುಗಿ ಬಂದು ‘ತಾತಾ, ನೀವಿದ್ದಿದ್ರೆ ನನಗೆ ಈ ಗತಿ ಬರ್ತಿತ್ತಾ?’ ಎಂದು ಕಣ್ಣೀರು ಹಾಕಿದಾಗ ಕ್ಯಾಮೆರಾದ ಹಿಂದೆ ನಿಂತಿದ್ದ ನಾನೂ ಅತ್ತುಬಿಟ್ಟೆ. ನನ್ನ ಸಾವಿಗೆ ನಾನೇ ಅತ್ತವನು ಗೊಟ್ಟಿಗೆರೆಯಲ್ಲಿ ನಾನೊಬ್ಬನೇ ಇರಬೇಕು. ಬಯ್ಯಬೇಡ, ಬಯ್ಯುವವರೆಲ್ಲ ಬೈದಾಗಿದೆ. ಟೀವಿಯಲ್ಲಿ ಬಂದಾಗ ಎಲ್ಲರೂ ಬಾಯಿ ಬಿಡಲಿ ಎಂದು ಯಾರಿಗೂ ಹೇಳಿರಲಿಲ್ಲ, ಅದೊಂದು ಹುಚ್ಚು.

ಗುರುವಾರ ಆ ಸೀನು ಬಂತು. ನಾನು ಬೇಯಿಸಿದ ಕಡಲೆಕಾಯಿ ಮುಂದಿಟ್ಟುಕೊಂಡು ರಾಜನ ಹಾಗೆ ಕೂತಿದ್ದೆ. ಸೊಸೆ ಪ್ರೇರಣಾ ‘ಮಾವಾ! ಇದೇನ್ ಮಾವಾ ಇದು!’ ಎಂದು ಕಿರುಚಿದಳು. ಆಮೇಲೆ ಶುರುವಾಯಿತು ಫೋನು. ಅರ್ಧ ಜನಕ್ಕೆ ಅದು ಧಾರಾವಾಹಿ ಎಂದು ಗೊತ್ತು, ನಕ್ಕರು, ‘ಸಖತ್ತಾಗಿ ಕಾಣ್ತೀರಾ ಅಂಕಲ್’ ಎಂದರು. ಮಿಕ್ಕವರು ಮನೆ ನಮ್ಮದೇ, ಫೋಟೊ ನನ್ನದೇ, ಹಾರ ಬೇರೆ ಬಿದ್ದಿದೆ ಎಂದು ಲೆಕ್ಕ ಹಾಕಿದರು. ಹುಳಿಮಾವಿನ ನಮ್ಮ ದಾಯಾದಿ ನನ್ನ ದನಿ ಗುರುತಿಸದೆ ನನ್ನನ್ನೇ ಕೇಳಿದ, ‘ಚಿಕ್ಕಬೈರಪ್ಪನ ಮಣ್ಣು ಎಷ್ಟೊತ್ತಿಗಪ್ಪಾ?’ ‘ಇನ್ನೂ ಊಟ ಆಗಿಲ್ಲ, ಆಮೇಲೆ ನೋಡೋಣ’ ಎಂದೆ. ಸತ್ತ ಸುದ್ದಿ ಹಬ್ಬಿದರೆ ಆಯಸ್ಸು ಗಟ್ಟಿ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಾನು ನಿನಗೆ ಇನ್ನೂ ಬಹಳ ದಿನ ಕಾಟ ಕೊಡುವುದಿದೆ.

ಅಷ್ಟರಲ್ಲಿ ಬೀದಿಯ ತುದಿಯಿಂದ ಒಂದು ದನಿ ಕೇಳಿತು ಗೌರಿ. ‘ಅಯ್ಯೋ ನನ್ ತಮ್ಮಾ, ನನ್ ಬೈರಾ, ನನ್ಗೇಳ್ದೆ ಹೋಗ್ಬುಟ್ಯಲ್ಲೋ!’ ಎದೆ ಬಡಿದುಕೊಳ್ಳುವ ಸದ್ದು ಕೂಡ ಕೇಳುತ್ತಿತ್ತು. ಬಾಗಿಲು ತೆಗೆದೇ ಇತ್ತು. ಅಕ್ಕ ಆಟೋ ಇಳಿದು, ಚಪ್ಪಲಿ ಕೂಡ ಇಲ್ಲದೆ, ಕೈಯಲ್ಲಿ ಒಂದು ಸೇವಂತಿಗೆ ಹಾರ ಹಿಡಿದುಕೊಂಡು ಹೊಸಿಲು ದಾಟಿ ಓಡಿ ಬಂದಳು. ಆ ಫೋಟೊ ಎಲ್ಲಿಟ್ಟಿದ್ದಾರೆ ಎಂದು ನೆಲ ನೋಡಿದಳು, ಗೋಡೆ ನೋಡಿದಳು, ಆಮೇಲೆ ಸೋಫಾ ನೋಡಿದಳು. ನಾನು ಬಾಯಲ್ಲಿ ಕಡಲೆಕಾಯಿ ಇಟ್ಟುಕೊಂಡು ಹಾಗೇ ಕಲ್ಲಾಗಿದ್ದೆ. ‘ಬದ್ಕಿದ್ದೀಯೇನ್ಲಾ ಮೂದೇವೀ!’ ಎಂದವಳೇ ಅದೇ ಹಾರದಲ್ಲಿ ರಪರಪ ಬಾರಿಸಿದಳು. ಹೂವೆಲ್ಲ ಉದುರಿ ದಾರ ಮಾತ್ರ ಉಳಿಯುವವರೆಗೆ ಬಾರಿಸಿದಳು. ಸೀರಿಯಲ್ಲು ಅಕ್ಕಾ, ಸೀರಿಯಲ್ಲು ಎಂದು ನಾನು ಕೈ ಅಡ್ಡ ಹಿಡಿದರೆ, ‘ಬದ್ಕಿರೋನು ಯಾವನ್ಲಾ ಸತ್ತೋರ ಜಾಗ್ದಾಗೆ ಫೋಟೊ ಕೊಡಾನು? ನೀನ್ ಸತ್ತೋಗಿದ್ದೀಯ, ಮಾತಿಲ್ಲ ಕತೆಯಿಲ್ಲ ಅಂತ ನನ್ಗೆ ಹೇಳ್ದೆ ಮಣ್ ಮಾಡವ್ರೆ ಅಂದ್ಕಂಡೆ’ ಎಂದಳು. ಹಾರದ ಏಟು ನನಗೆ ತಾಗಲಿಲ್ಲ, ಈ ಮಾತು ತಾಗಿತು. ನಾವು ಹಾಗೆ ಮಾಡಿಬಿಡುವವರು ಎಂದು ನಂಬುವಷ್ಟು ದೂರ ಹೋಗಿದ್ದಳಲ್ಲ ನನ್ನನ್ನು ಎತ್ತಿ ಆಡಿಸಿದವಳು.

ಆಮೇಲಿನದ್ದು ಕೇಳು. ಅಳು ನಿಂತ ಮೇಲೆ ಅವಳಿಗೆ ತಾನು ನಿಂತಿರುವ ಜಾಗ ನೆನಪಾಯಿತು. ಸೆರಗು ಕೊಡವಿಕೊಂಡು, ‘ನಾನ್ ಈ ಹೊಸ್ಲು ತುಳಿಯಾಕಿಲ್ಲ ಅಂದಿದ್ದೆ, ಸತ್ತವ್ನೆ ಅಂತ ಬಂದೆ, ಲೆಕ್ಕಕ್ಕಿಲ್ಲ’ ಎಂದು ಮತ್ತೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು! ನೀರು ಕೊಟ್ಟರೆ ಬೇಡ, ಕಾಫಿ ಬೇಡ. ಬಂದ ಆಟೋ ಹೊರಟುಹೋಗಿತ್ತು. ಇನ್ನೊಂದು ತರಿಸಿ ಎಂದು ಹಟ. ಇಷ್ಟು ವರ್ಷ ಆದ ಮೇಲೆ ಬಂದವಳು ಹೀಗೇ ಎದ್ದು ಹೋದರೆ ಇನ್ನು ಬರುವುದು ನಿಜವಾಗಿ ನಾನು ಸತ್ತಾಗಲೇ ಎಂದು ಭಯವಾಯಿತು. ಅಷ್ಟರಲ್ಲಿ ಒಳಗೆ ಅಜ್ಜಿ ಅಡುಗೆ ಅಖಾಡ ಶುರುವಾಯಿತು. ಅವಳು ಕತ್ತು ಚಾಚಿ ಒಳಗೆ ಇಣುಕಿದಳು. ಆಮೇಲೆ ಹೊರಗಿನಿಂದಲೇ, ಯಾರನ್ನೋ ಕೇಳುವ ಹಾಗೆ, ‘ಆ ಮಾಗಡಿ ಮುದ್ಕಿ ಔಟಾದ್ಳಾ?’ ಎಂದಳು. ನಾನು ಟೀವಿಯನ್ನು ಸ್ಟ್ಯಾಂಡು ಸಮೇತ ಬಾಗಿಲ ಕಡೆ ತಿರುಗಿಸಿದೆ. ಅವಳು ಮೆಟ್ಟಿಲ ಮೇಲೆ, ನಾನು ಹೊಸಿಲ ಈಚೆ, ನಡುವೆ ಕಡಲೆಕಾಯಿ ಬಟ್ಟಲು. ಬಸ್ಸಾರಿಗೆ ಬೆಲ್ಲ ಹಾಕಿದವಳನ್ನು ಇಬ್ಬರೂ ಸೇರಿ ಬೈದೆವು. ಬಟ್ಟಲಿಗೆ ಅವಳೂ ಕೈ ಹಾಕಿದಳು. ಮಲ್ಲಿಗೆ ಚಪ್ಪರವನ್ನೂ ಅವಳು ಒಂದು ದಿನ ತಪ್ಪಿಸಿಲ್ಲವಂತೆ. ಇಷ್ಟು ವರ್ಷ ನಾವು ಮಾತು ಬಿಟ್ಟುಕೊಂಡು, ಅವಳು ಜಿಗಣಿಯಲ್ಲಿ ನಾನು ಗೊಟ್ಟಿಗೆರೆಯಲ್ಲಿ, ಒಂದೇ ಹೊತ್ತಿಗೆ ಕೂತು ಅದೇ ದಮಯಂತಿಗೆ ಶಾಪ ಹಾಕುತ್ತಿದ್ದೆವು.

ಜಾಹೀರಾತು ಬಂದಾಗ ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚಿದ್ದು ಪ್ರೇರಣಾಗೆ. ನೀನು ಅವಳನ್ನು ‘ಸೀರಿಯಲ್ ನೋಡಿ ನೋಡಿ ಕೆಟ್ಟಳು’ ಎನ್ನುತ್ತೀಯಲ್ಲ, ಇನ್ನು ಅನ್ನಬೇಡ. ಅಡುಗೆಮನೆಗೆ ಹೋಗಿ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಬಂದಳು. ಮೋಹಿತ ಆಗಷ್ಟೇ ಪೇಂಟ್ ಅಂಗಡಿ ಮುಚ್ಚಿ ಬಂದಿದ್ದ, ಏನು ಎತ್ತ ತಿಳಿಯದೆ ನಿಂತವನನ್ನು ಹಿಡಿದು ಅಕ್ಕನ ಮುಂದೆ ಮೆಟ್ಟಿಲ ಮೇಲೆ ಕೂರಿಸಿದಳು. ‘ಅತ್ತೆ, ನಿಮ್ಮ ಪಾಲಿನ ಅರಿಶಿನ ಇನ್ನೂ ಬಾಕಿ ಇದೆ. ನೀವು ಹಚ್ಚೋವರೆಗೂ ನಮ್ಮ ಮದುವೆ ಪೂರ್ತಿ ಆಗ್ಲಿಲ್ಲ ಅಂತಲೇ ನಾನು ಅಂದ್ಕೊಳ್ತೀನಿ’ ಎಂದಳು. ಅಕ್ಕ ಬಟ್ಟಲನ್ನು ನೋಡಿದಳು, ಹುಡುಗನನ್ನು ನೋಡಿದಳು. ‘ತಲೆ ನೆರೀತಾ ಐತಲ್ಲೋ ಮದಲಿಂಗನ್ಗೆ’ ಎಂದು ನಗಲು ಹೋಗಿ ಅತ್ತಳು. ಆಮೇಲೆ ಅವನ ಕೆನ್ನೆಗೆ, ಕೈಗೆ, ಪಾದಕ್ಕೆ ಹಚ್ಚಿದಳು, ಸಾಲದೆಂದು ಪ್ರೇರಣಾಗೂ ಹಚ್ಚಿದಳು. ಬೀದಿಯವರೆಲ್ಲ ಬಾಡಿಗೆದಾರರ ಸಮೇತ ನಿಂತು ನೋಡುತ್ತಿದ್ದರು, ನೋಡಲಿ ಬಿಡು. ನಾನು ಕೈ ಚಾಚಿದೆ. ಅಕ್ಕ ನನ್ನ ಕೈ ಹಿಡಿದುಕೊಂಡು ಹೊಸಿಲು ದಾಟಿ ಒಳಗೆ ಬಂದಳು. ಅವತ್ತು ನಾನು ಮುದ್ದೆ ಮೇಲೆ ಮುದ್ದೆ ಉಂಡೆ ಗೌರಿ. ಮೈ ಹತ್ತಿಯ ಹಾಗೆ ಹಗುರವಾಯಿತು.

ಅಂದಿನಿಂದ ಅಕ್ಕ ಇಲ್ಲೇ ಇದ್ದಾಳೆ. ನಿನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಜಾಗ ಬದಲಾಯಿಸಿದ್ದಾಳೆ, ಬಂದ ಮೇಲೆ ಜಗಳ ಆಡಬೇಡ. ಆದರೆ ತೊಟ್ಟಿಲ ಮಾತು ತೆಗೆದರೆ ಮಾತ್ರ ‘ನೋಡಾನ’ ಎಂದು ಮುಖ ತಿರುಗಿಸುತ್ತಾಳೆ. ಬೀಗರ ಮನೆ, ಅಷ್ಟು ದೂರ, ಹೇಗೆ ಕರೆದರೆ ಹೇಗೋ ಎಂಬ ಬಿಂಕ ಇರಬೇಕು. ನಾನೂ ಒತ್ತಾಯ ಮಾಡಲಿಲ್ಲ, ಎಳೆದರೆ ಹರಿಯುತ್ತದೆ. ಬಾರದಿದ್ದರೂ ನೀನು ಬೇಜಾರು ಮಾಡಿಕೊಳ್ಳದೆ ಆರತಿ ತಟ್ಟೆ ಹಿಡಿಯಬೇಕು, ಇದು ನನ್ನ ವಿನಂತಿ. ನಮ್ಮ ಮನೆಯ ಬಾಗಿಲು ಅವಳಿಗೆ ತೆರೆಯಿತಲ್ಲ, ಸದ್ಯ, ಅಷ್ಟು ಸಾಕು. ನಾನು ಪ್ರೇರಣಾ ಜೊತೆ ಮಂಗಳವಾರ ರೈಲಿಗೆ ಬರುತ್ತೇನೆ.

ಶೃತಿಗೂ ಅಳಿಯನಿಗೂ ನನ್ನ ಆಶೀರ್ವಾದ, ಬೀಗರಿಗೆ ನಮಸ್ಕಾರ, ಪುಟ್ಟಿಯ ಎರಡೂ ಪಾದಕ್ಕೆ ಒಂದೊಂದು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಇನ್ನೂ ಬದುಕಿರುವ ನಿನ್ನ ಗಂಡ,
ಚಿಕ್ಕಬೈರಪ್ಪ

ಮರೆತ ಮಾತು: ಮೋಹಿತ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಗೀಚುತ್ತಿದ್ದೇನೆ. ಕಾಗದ ಕೊಡಲು ಹೊರಗೆ ಹೋದರೆ ಅಕ್ಕ ರೇಷ್ಮೆ ಸೀರೆ ಉಟ್ಟು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಾಳೆ! ಎಲ್ಲಿಗಕ್ಕಾ ಎಂದರೆ, ‘ನಮ್ ಮಗೀನ ತೊಟ್ಲಿಗ್ ಹಾಕಾಕೆ ನನ್ನ ಇನ್ನೊಬ್ರು ಕರೀಬೇಕೇನ್ಲಾ?’ ಎಂದಳು. ಕಾಗದ ತಾನೇ ತಲುಪಿಸುತ್ತಾಳಂತೆ, ಕೈ ಚಾಚಿಕೊಂಡು ಕೂತಿದ್ದಾಳೆ. ಹಾಗಾದರೆ ಇದನ್ನು ನಿನಗೆ ಕೊಟ್ಟು ಈಗ ನಿನ್ನೆದುರು ನಿಂತಿರುವವಳು ಅವಳೇ. ಕನ್ನಡಕ ತೆಗೆದಿಟ್ಟು ಮೊದಲು ಮಗುವನ್ನು ಎತ್ತಿ ಅವಳ ಕೈಗೆ ಕೊಡು.